ಬ್ರೇಕ್ ಮೇಷ್ಟ್ರು ಬಂಡೆಮನೆ ಹೊಕ್ಕಿದ್ದು

ಅವಳ ಗಂಡ ಇಪ್ಪತ್ತೇಳು ವರ್ಷ ಡ್ರೈವಿಂಗ್ ಕಲಿಸಿದವನು. ಕಲಿಯುವವರ ಪಕ್ಕದ ಸೀಟಿನ ಕೆಳಗೆ ಅವನದೂ ಒಂದು ಬ್ರೇಕ್ ಇತ್ತು. ಅದನ್ನು ಮಾತುಮಾತಿಗೆ ಒತ್ತುತ್ತಿದ್ದುದರಿಂದ ಊರೆಲ್ಲ ಅವನಿಗೆ ಬ್ರೇಕ್ ಮೇಷ್ಟ್ರು ಅಂತಲೇ ಹೆಸರಿಟ್ಟಿತ್ತು. ಮನೆಗೆ ಬಂದರೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಅವಳು ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಸಾಕು, ಹಿಂದಿನಿಂದ "ನಿಧಾನ, ನಿಧಾನ, ಸಾಕು!" ಎಂಬ ಆಜ್ಞೆ ಬರುತ್ತಿತ್ತು.

ಅವನ ಡ್ರೈವಿಂಗ್ ಸ್ಕೂಲಿನಲ್ಲಿ ಲೈಸೆನ್ಸಿನ ಅರ್ಜಿ ತುಂಬುವುದು, ಫೋನ್ ಎತ್ತುವುದು ಅವಳ ಕೆಲಸ. ಆದರೆ ಸ್ವತಃ ಅವಳಿಗೆ ಕಾರು ಓಡಿಸಲು ಬಾರದು. ಅದಕ್ಕೊಂದು ಕಥೆಯಿತ್ತು, ಅದನ್ನು ಅವನು ಹೊಸದಾಗಿ ಸೇರಿದವರಿಗೆಲ್ಲ ತಪ್ಪದೆ ಹೇಳುತ್ತಿದ್ದ: "ನಮ್ಮನೆಯವಳಿಗೂ ಕಲಿಸ್ದೆ ನೋಡಿ. ಮೂರನೇ ದಿನ ಬ್ರೇಕ್ ಒತ್ತು ಅಂದ್ರೆ ಆಕ್ಸಿಲರೇಟರ್ ಒತ್ತಿ ಸೀದಾ ಚಪ್ಪಲಿ ಅಂಗಡಿಗೆ ನುಗ್ಗಿಸಿದ್ಲು. ಹಿಂದಕ್ಕೆ ತೆಗೆದಾಗ ವೈಪರ್‌ಗೆ ಎರಡು ಚಪ್ಪಲಿ ನೇತಾಡ್ತಿದ್ವು. ಅವೂ ಬೇರೆಬೇರೆ ಜೊತೆದು!" ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅವನು ಸ್ಟೀಲ್ ಸ್ಕೇಲಿನ ಅಂಚಿನಿಂದ ಅವಳ ಮಂಡಿಗೆ ಬಾರಿಸಿದ್ದು, ಆ ನೋವಿಗೆ ಕಾಲು ಹಾರಿದ್ದು ಮಾತ್ರ ಕಥೆಯಲ್ಲಿ ಇರುತ್ತಿರಲಿಲ್ಲ. ಕಲೆ ಇನ್ನೂ ಇದೆ.

ಇಬ್ಬರೂ ಮೊದಲ ಸಲ ಪರದೇಶಕ್ಕೆ ಬಂದಿದ್ದರು, ಹನ್ನೆರಡು ಮಂದಿಯ ಪ್ರವಾಸದ ಗುಂಪಿನಲ್ಲಿ. ಆ ದಿನ ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಶೂ ಲೇಸು ಕಟ್ಟಿಕೊಳ್ಳುತ್ತ ಅವಳು ಬಾಯಿಬಿಟ್ಟು ಕೇಳಿದಳು.

"ರೀ, ಆ ಚಪ್ಪಲಿ ಅಂಗಡಿ ಕಥೆ ಇಲ್ಲಿ ಬೇಡ. ಇವರ್ಯಾರಿಗೂ ನಾನು ಯಾರು ಅಂತ ಗೊತ್ತಿಲ್ಲ. ನಾಲ್ಕು ದಿನ ಮನುಷ್ಯಳ ಥರ ಓಡಾಡ್ಕೊಂಡಿರ್ತೀನಿ."

"ಆಯ್ತು ಕಣೇ, ಹೇಳಲ್ಲ," ಎಂದ ಅವನು, ಕನ್ನಡಿ ನೋಡಿ ಮೀಸೆ ತಿದ್ದಿಕೊಳ್ಳುತ್ತ.

ಮಧ್ಯಾಹ್ನದವರೆಗೆ ಮಾತು ಉಳಿಸಿಕೊಂಡ. ಗುಂಪು ಅವತ್ತು ನೋಡಲು ಹೋದದ್ದು ಹಿಂದಿನ ಕಾಲದವರು ಒಂದಿಡೀ ಗುಡ್ಡವನ್ನು ಕೊರೆದು ಮನೆ ಮಾಡಿಕೊಂಡಿದ್ದ ಜಾಗ. ಬಂಡೆಯೊಳಗೆ ಮಲಗುವ ಕೋಣೆ, ಕಾಳು ತುಂಬುವ ಗುಂಡಿ, ಸಾವಿರಾರು ವರ್ಷದ ಹೊಗೆ ಹಿಡಿದ ಅಡುಗೆಮನೆ. ಅಲ್ಲಿ ದೀಪದ ಗೂಡು ಸರಿಯಾಗಿ ಅವಳ ಕೈಯೆತ್ತರಕ್ಕಿತ್ತು. ತನ್ನಷ್ಟೇ ಕುಳ್ಳಿ ಯಾವಳೋ ಇಲ್ಲಿ ದೀಪ ಹಚ್ಚುತ್ತಿದ್ದಳಲ್ಲ ಅಂತ ಅವಳು ಗೂಡಿನೊಳಗೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಳು. ಅಷ್ಟು ಹಗುರವಾಗಿ ಅವಳು ಎಲ್ಲೂ ನಿಂತದ್ದಿಲ್ಲ.

ಪಕ್ಕದ ಕೊಟ್ಟಿಗೆಗೆ ಬಂದಾಗ ಗುಂಪಿನಲ್ಲಿದ್ದ ಹಲ್ಲಿನ ಡಾಕ್ಟರು ಸುಮ್ಮನೆ ಕೇಳಿದರು: "ಮೇಷ್ಟ್ರೇ, ನಿಮ್ಮ ಮನೆಯವರೂ ಗಾಡಿ ಓಡಿಸ್ತಾರಾ?"

ಅವನು ಒಮ್ಮೆ ಅವಳ ಕಡೆ ನೋಡಿದ. ಅವಳು ತಲೆಯಾಡಿಸಿ ಬೇಡ ಎಂದಳು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟ. ಕಲ್ಲಿನ ಗೋಡೆಗೆ ನಗು ಬಡಿದು ಇಮ್ಮಡಿಯಾಯಿತು. ಡಾಕ್ಟರಂತೂ ಕಣ್ಣೊರೆಸಿಕೊಂಡರು. ಅವಳ ಕಿವಿ ಸುಡುತ್ತಿತ್ತು; ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮುಂದಿನ ಕೋಣೆಗೆ ಹೋಗಲು ಇದ್ದದ್ದು ಒಂದೇ ಸುರಂಗ. ಮೂವತ್ತು ಅಡಿ ಉದ್ದ, ಸೊಂಟ ಬಗ್ಗಿಸಿ ಒಬ್ಬೊಬ್ಬರೇ ಹೋಗಬೇಕು. ಊರಿನಿಂದಲೇ ಗುಂಪಿನ ಜೊತೆ ಬಂದಿದ್ದ ಗೈಡ್ ಹುಡುಗಿಯ ಹಿಂದೆ ಎಲ್ಲರೂ ದಾಟಿದರು. ಕೊನೆಗೆ ಉಳಿದವರು ಇವರಿಬ್ಬರೇ. ಟಾರ್ಚ್ ಹಿಡಿದು ಅವಳು ಮುಂದೆ, "ಬಲಕ್ಕೆ ತಗೋ, ಕಣ್ಣು ಕಾಣಲ್ವಾ?" ಎನ್ನುತ್ತ ಅವನು ಹಿಂದೆ. ಅರ್ಧ ದಾರಿಯಲ್ಲಿ ಆ ದನಿ ನಿಂತಿತು. ಅವಳು ಆಚೆ ಕೋಣೆ ತಲುಪಿ, ತಿರುಗಿ ಟಾರ್ಚ್ ಬಿಟ್ಟಳು. ಅವನು ಎರಡೂ ಗೋಡೆಗೆ ಭುಜ ಒತ್ತಿಕೊಂಡು ನಡುಗುತ್ತ ಕೂತುಬಿಟ್ಟಿದ್ದ.

"ಉಸಿರು ಕಟ್ತಿದೆ ಕಣೇ. ಕೈ ಕೊಡೇ."

ಗೈಡ್ ಹುಡುಗಿ ಒಳಗೆ ಹೋಗಲು ಬಗ್ಗಿದಳು. ಇವಳು ತಡೆದಳು.

"ನೀನು ಇರಮ್ಮ. ನಮ್ಮ ಯಜಮಾನ್ರು, ನಾನೇ ಕರ್ಕೊಂಡು ಬರ್ತೀನಿ."

ಹಾಗೆಂದವಳು ಒಂದು ಹೆಜ್ಜೆಯೂ ಒಳಗಿಡಲಿಲ್ಲ. ಇಪ್ಪತ್ತೇಳು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿದ್ದ ದನಿಯನ್ನು ಹೊರತೆಗೆದಳು.

"ಎಡಗಾಲು! ಎಡ ಯಾವುದು ಅಂತ ಗೊತ್ತಿಲ್ವಾ? ತಲೇಲಿ ಏನು ತುಂಬ್ಕೊಂಡಿದೀಯ? ಮುಂದೆ ನೋಡು, ಮುಂದೆ!"

ಗಂಡನನ್ನು ಅವಳು ಜೀವಮಾನದಲ್ಲಿ ಮೊದಲ ಸಲ ಏಕವಚನದಲ್ಲಿ ಕರೆದಿದ್ದಳು. ದನಿಯೂ ಅಚ್ಚು ಮೇಷ್ಟ್ರದೇ! ಎಲ್ಲರೂ ಗೊಳ್ಳೆಂದರು. ಡಾಕ್ಟರು ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದರು.

"ಕೈ ಕೊಡೇ, ದಮ್ಮಯ್ಯ ಅಂತೀನಿ," ಎಂದು ಅವನು ಅತ್ತೇಬಿಟ್ಟ.

ಅವಳಿಗೆ ಅಯ್ಯೋ ಅನ್ನಿಸಲಿಲ್ಲವೇ? ಅನ್ನಿಸಿತು, ಸುಳ್ಳು ಯಾಕೆ ಹೇಳಬೇಕು. ಆದರೆ ನಾಲಿಗೆಗೆ ರುಚಿ ಹತ್ತಿಬಿಟ್ಟಿತ್ತು. "ಗೇರ್ ಹಾಕು! ಹಿಂದೆ ಹಾರ್ನ್ ಹೊಡೀತಿದಾರೆ!" ಎಂದು ಕೂಗಿದಳು. ಅವನು ಅಂಬೆಗಾಲಿಡುತ್ತ ಬೆಳಕಿಗೆ ಬಂದಾಗ ಪ್ಯಾಂಟಿನ ಮುಂಭಾಗ ಮಂಡಿಯವರೆಗೂ ಒದ್ದೆಯಾಗಿತ್ತು. ನಗು ಥಟ್ಟನೆ ನಿಂತಿತು. ಗೈಡ್ ಹುಡುಗಿ ಮುಖ ತಿರುಗಿಸಿಕೊಂಡಳು.

ಹಿಂತಿರುಗುವಾಗ ಬಸ್ಸು ಹತ್ತುವ ಮೊದಲು ಡಾಕ್ಟರು ಅವಳ ಹತ್ತಿರ ಬಂದು, "ವಿಡಿಯೋ ಅಳಿಸಿಬಿಡ್ತೀನಮ್ಮ," ಎಂದರು, ತಲೆ ತಗ್ಗಿಸಿ.

"ಅಳಿಸ್ಬೇಡಿ. ಮೊದಲು ನನಗೆ ಕಳಿಸಿ."

ಬಸ್ಸಿನಲ್ಲಿ ಗಂಡ ಕಿಟಕಿ ಪಕ್ಕ ಕೂತು ತೊಡೆಯ ಮೇಲೆ ಟವೆಲ್ ಹರಡಿಕೊಂಡಿದ್ದ. ಅವಳು ಹತ್ತಿ ಬಂದಾಗ ತಲೆ ಎತ್ತದೆ, "ಯಾರಿಗೂ ತೋರಿಸ್ಬೇಡ," ಎಂದ.

"ಆಯ್ತು ರೀ, ತೋರಿಸಲ್ಲ."

ಬಸ್ಸು ಒಂದು ಕಡೆ ಟೀಗೆ ನಿಂತಿತು. ಅವಳು ಇಳಿದು ಸೀದಾ ಡ್ರೈವರ್ ಹತ್ತಿರ ಹೋಗಿ, ವಿಡಿಯೋ ಹಾಕಿ ಮೊಬೈಲನ್ನು ಅವನ ಕೈಗಿಟ್ಟಳು. ಅವನು ಬೆಳಿಗ್ಗೆಯಿಂದ ಬಸ್ಸಿನಲ್ಲೇ ಇದ್ದವನು, ಏನನ್ನೂ ನೋಡಿರಲಿಲ್ಲ. ಇವಳ ಭಾಷೆ ಅವನಿಗೆ ಬಾರದು. ನೋಡಲು ಭಾಷೆ ಬೇಕಿರಲೂ ಇಲ್ಲ. ಹೊಟ್ಟೆ ಹಿಡಿದು ನಕ್ಕ. ನಗುನಗುತ್ತ ತಲೆ ಎತ್ತಿದಾಗ ಬಸ್ಸಿನ ಕಿಟಕಿಯಲ್ಲಿ ಅದೇ ಮುಖ ಗಾಜಿಗೆ ಅಂಟಿಕೊಂಡು ತನ್ನನ್ನೇ ನೋಡುತ್ತಿರುವುದು ಕಂಡಿತು. ಪಾಪದವನು, ಸಪ್ಪಗಾಗಿ ಮೊಬೈಲನ್ನು ಅವಳ ಕೈಗೆ ಹಿಂದಿರುಗಿಸಲು ಹೋದ.

"ಇನ್ನೊಂದ್ಸಲ ನೋಡಿ," ಎಂದು ಅವಳು ಮತ್ತೆ ಮೊದಲಿನಿಂದ ಹಾಕಿದಳು.