ಜೀಪಿನ ವಡೆ

ನಮ್ಮ ಜೀಪು ಸ್ಟಾರ್ಟ್ ಆಯಿತು. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಹೇಳಿದರೂ ನಡೆಯುತ್ತದೆ. ನನ್ನ ಮೊಮ್ಮಗಳು ಚೈತ್ರಾ ಇವತ್ತು ಬೆಳಿಗ್ಗೆ ಕೀ ತಿರುಗಿಸಿದಳು. ಅದು ಒಮ್ಮೆ ಕೆಮ್ಮಿತು, ಮೈ ಕೊಡವಿತು, ಆಮೇಲೆ ಗುಡುಗುಡು ಎಂದು ಹಿಡಿದದ್ದು ಬಿಡಲೇ ಇಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆಲ್ಲ ಕಪ್ಪು ಹೊಗೆ ತುಂಬಿತು. ನೋಡಲು ಬಂದವರೆಲ್ಲ ಮೂಗು ಮುಚ್ಚಿಕೊಂಡರು, ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ನಂಬಿ, ಆ ಡೀಸೆಲ್ ಹೊಗೆಯೊಳಗೆ ಬೆಲ್ಲದ ವಾಸನೆ ಇತ್ತು, ಬಿಸಿಲಿಗೆ ಕಾದ ಅಂಗಳದ ಬಂಡೆಯ ವಾಸನೆ ಇತ್ತು, ಹೊರಟುಹೋದ ಒಂದು ಮನೆಯೇ ಇತ್ತು.

ಜೀಪು ನಮ್ಮಪ್ಪನದು. ನಾನು ಹುಟ್ಟಿ ಬೆಳೆದದ್ದು ವಿಜಯವಾಡದ, ನಮ್ಮ ಬಾಯಲ್ಲಿ ಬೆಜವಾಡದ, ಒನ್ ಟೌನ್‌ನಲ್ಲಿ. ಹೊಸಪೇಟೆ ಕಡೆಯಿಂದ ಹೋದ ಅಪ್ಪ ಅಲ್ಲಿ ಬೆಲ್ಲದ ಸಗಟು ಅಂಗಡಿ ಇಟ್ಟಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಅಂಗಳ. ಅನಕಾಪಲ್ಲಿ ಸುತ್ತಿನ ಹಳ್ಳಿಗಳಲ್ಲಿ ಬೆಲ್ಲ ಬೇಯಿಸುವ ಜಾಗಕ್ಕೇ ಹೋಗಿ, ನಾಲಿಗೆಗೆ ಹಚ್ಚಿ ನೋಡಿ ಕೊಳ್ಳುವುದು ಅವನ ಪದ್ಧತಿ. ಕಬ್ಬಿನ ಗದ್ದೆಗಳ ನಡುವಿನ ಕೆಸರು ದಾರಿಗೆ ಜೀಪೇ ಆಗಬೇಕು. ಅಲ್ಲಿ ಕೆಟ್ಟು ನಿಂತರೆ ಕೇಳುವವರು ಯಾರಿದ್ದಾರೆ ಅಂತ ಅಪ್ಪ ಅದರ ಒಂದೊಂದು ನಟ್ಟನ್ನೂ ತಾನೇ ಬಿಚ್ಚಿ ಹಾಕಲು ಕಲಿತಿದ್ದ. ಗಾಡಿಯನ್ನು ಮೆಕ್ಯಾನಿಕ್ ಶೆಡ್ಡಿಗೆ ಬಿಟ್ಟದ್ದು ನನಗೆ ನೆನಪೇ ಇಲ್ಲ. ಅಂಗಡಿಗೆ ರಜೆ ಇದ್ದ ದಿನ ಅಂಗಳದಲ್ಲಿ ಹಳೆಯ ಬೆಲ್ಲದ ಗೋಣಿಗಳನ್ನು ಹಾಸಿಕೊಂಡು ಅದರ ಕೆಳಗೆ ತೂರುತ್ತಿದ್ದ. ಗೋಣಿಗೆ ಅಂಟಿದ ಬೆಲ್ಲಕ್ಕೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು, ಡೀಸೆಲ್ ತುಳಿದು ದಿಕ್ಕು ತಪ್ಪಿ ಸುಮ್ಮನೆ ಸುತ್ತುತ್ತಿದ್ದವು. ಅಪ್ಪನ ಕಾಲು ಮಾತ್ರ ಕಾಣುತ್ತಿತ್ತು. ಆಗಾಗ ಒಂದು ಕೈ ಹೊರಗೆ ಬಂದು ಬೆರಳು ಆಡಿಸುತ್ತಿತ್ತು. ನಟ್ಟು ತಿರುಗಿಸುವ ಯಾವ ಪಾನಾ ಬೇಕು ಅಂತ ಬಾಯಿಬಿಟ್ಟು ಕೇಳದೆಯೇ ಅವ್ವ ಆ ಕೈಗೆ ಅದನ್ನೇ ಇಡುತ್ತಿದ್ದಳು.

ಅವ್ವನ ಪಾಲಿನ ದೊಡ್ಡ ಕೆಲಸ ಒಲೆಯದು. ಡೀಸೆಲ್ ಪೈಪುಗಳು ಸೇರುವ ಕಡೆ ಬೆರಳುಂಗುರದಂಥ ತಾಮ್ರದ ವಾಷರುಗಳಿರುತ್ತವೆ. ಒಮ್ಮೆ ಬಿಗಿದರೆ ಅವು ಒತ್ತಿಕೊಂಡು ಗಟ್ಟಿಯಾಗಿಬಿಡುತ್ತವೆ. ಬಿಚ್ಚಿದ ಮೇಲೆ ಹಾಗೇ ತಿರುಗಿ ಹಾಕಿದರೆ ಸರಿಯಾಗಿ ಕೂರುವುದಿಲ್ಲ, ಸಂದಿನಿಂದ ಗಾಳಿ ಎಳೆದುಕೊಂಡು ಇಂಜಿನ್ನು ನಿಂತುಹೋಗುತ್ತದೆ. ಅದಕ್ಕೇ ಅವ್ವ ಅವನ್ನು ಇದ್ದಿಲ ಕೆಂಡದ ಮೇಲಿಟ್ಟು, ನಿಗಿನಿಗಿ ಕೆಂಪಾಗುವ ತನಕ ಊದಿ, ಇಕ್ಕಳದಲ್ಲಿ ಎತ್ತಿ ನೀರಿನ ಚೊಂಬಿಗೆ ಬಿಡುತ್ತಿದ್ದಳು. ಚುಂಯ್ ಅನ್ನುತ್ತಿತ್ತು. ತಾಮ್ರ ಮೆತ್ತಗಾಗಿ ಮತ್ತೆ ಹೊಸದರ ಹಾಗೆ ಕೂರುತ್ತಿತ್ತು. ಒಮ್ಮೆ ಪಕ್ಕದ ಮನೆಯ ತೆಲುಗು ಹೆಂಗಸು ಬಾಗಿಲಲ್ಲಿ ನಿಂತು, ಈ ಹೊತ್ತಿನಲ್ಲಿ ಏನು ಅಡುಗೆ ವದಿನಾ ಅಂತ, ಅತ್ತಿಗೆಯನ್ನು ಕರೆಯುವ ಹಾಗೆ, ಕೇಳಿದರು. ಅವ್ವ ಒಲೆಯಿಂದ ತಲೆ ಎತ್ತದೆ ತನ್ನ ಹರಕು ತೆಲುಗಿನಲ್ಲಿ, "ಜೀಪುಕಿ ವಡಲು," ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಕ್ಕೆ ಜೀಪಿನ ವಡೆ ಅಂತಲೇ ಹೆಸರು. ಜೀಪಿನ ಅಡಿಯಿಂದ ಅಪ್ಪ ಕೂಗುತ್ತಿದ್ದ, "ವಡೆ ಬೆಂದ್ವೇನೇ?" ಅಂತ. ಹಸಿದವರು ಕೂಗಿದರೆ ಬೆಂಕಿ ಜೋರಾಗುವುದಿಲ್ಲ ಅಂತ ಅವ್ವ ಒಳಗಿನಿಂದ ಹೇಳುತ್ತಿದ್ದಳು.

ಅವ್ವ ಹೋದಳು, ಅಪ್ಪ ಹೋದ. ಮನೆ ಮಾರಿಯಾಯಿತು, ಕೊಂಡವರು ಅದನ್ನು ಕೆಡವಿ ಬೇರೆ ಕಟ್ಟಿದರು. ಹೋದ ಸಲ ಆ ಬೀದಿಗೆ ಹೋದಾಗ ನಮ್ಮ ಅಂಗಳ ಎಲ್ಲಿತ್ತು ಅಂತ ನಿಂತು ಅಂದಾಜು ಮಾಡಬೇಕಾಯಿತು. ನಿಮಗೂ ಇಂಥದ್ದು ಆಗಿರುತ್ತದೆ, ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರ ಬ್ಯಾಂಕಿನ ವರ್ಗದ ಮೇಲೆ ವಿಶಾಖಪಟ್ಟಣಕ್ಕೆ ಬಂದ ನಾವು ಇಲ್ಲೇ ಉಳಿದೆವು. ಅವರೂ ಈಗ ಇಲ್ಲ. ಆ ಮನೆಯಿಂದ ನನ್ನ ಪಾಲಿಗೆ ಉಳಿದದ್ದು ಈ ಜೀಪೊಂದೇ. ಲಾರಿಯ ಮೇಲೆ ಬಂದು ನಿಂತದ್ದು ನಿಂತೇ ಇತ್ತು, ಸಮುದ್ರದ ಉಪ್ಪುಗಾಳಿ ಅದರ ಬಣ್ಣವನ್ನು ಸಿಪ್ಪೆ ಸುಲಿದ ಹಾಗೆ ಸುಲಿದಿತ್ತು. ಓಡದ ಗಾಡಿಗಳನ್ನೆಲ್ಲ ತೆಗೆಯಬೇಕು ಅಂತ ಅಪಾರ್ಟ್‌ಮೆಂಟಿನವರು ಹೇಳಿದಾಗ ನನ್ನ ಮಗ ಮಂಜು ಪಕ್ಕ ಬಂದು ಕೂತ.

"ಅಮ್ಮಾ, ಸೋಮವಾರ ಗುಜರಿಯವ್ನಿಗೆ ಬರಾಕೆ ಹೇಳೀನಿ. ಬೇಜಾರು ಮಾಡ್ಕಬ್ಯಾಡ."

ಕಾಲೇಜಿನಿಂದ ಆಗಷ್ಟೇ ಬಂದಿದ್ದ ಚೈತ್ರಾ ಚಪ್ಪಲಿ ಕಳಚುತ್ತ, "ಸ್ಟಾರ್ಟ್ ಆದ್ರೆ, ಡ್ಯಾಡಿ?" ಅಂದಳು.

"ಆದ್ರೆ ಇರ್ಲಿ ಬಿಡು. ಆಗ್ಬೇಕಲ್ಲ."

ಅಂದಿನಿಂದ ಹುಡುಗಿ ಸಂಜೆಯೆಲ್ಲ ಅದರ ಹತ್ತಿರವೇ. ಫೋನನ್ನು ಸ್ಟೆಪ್ನಿಗೆ ಒರಗಿಸಿಕೊಂಡು, ಯಾರೋ ರಿಪೇರಿ ಮಾಡಿ ತೋರಿಸುವುದನ್ನು ನೋಡುತ್ತ, ಟ್ಯಾಂಕಿನ ಕೊಳೆ ಡೀಸೆಲ್ ಇಳಿಸಿ ತೊಳೆದಳು, ಫಿಲ್ಟರ್ ಬದಲಿಸಿದಳು, ಹೊಸ ಬ್ಯಾಟರಿ ಕೂರಿಸಿದಳು, ಕೈಪಂಪು ಒತ್ತಿ ಒತ್ತಿ ಪೈಪಿನೊಳಗಿನ ಗಾಳಿ ತೆಗೆದಳು. ನಿನ್ನೆ ಸಂಜೆ ಇಂಜಿನ್ನು ಹಿಡಿದೇಬಿಟ್ಟಿತು ಅನ್ನುವಷ್ಟರಲ್ಲಿ ನಿಂತುಹೋಯಿತು. ಮತ್ತೆ ಮತ್ತೆ ಹಾಗೇ. ಅವಳು ಊಟ ಬೇಡ ಅಂತ ಮಲಗಿದಳು. ನಾನು ಸಮಾಧಾನ ಹೇಳಲಿಲ್ಲ, ನನಗೇ ಬೇಕಾಗಿತ್ತು ಅದು.

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದು ಅಂಗೈ ಬಿಚ್ಚಿದಳು. ತಾಮ್ರದ ಉಂಗುರಗಳು. ಕಾಲೋನಿಯ ತೆಲುಗು ಮಕ್ಕಳ ಜತೆ ಬೆಳೆದು ಅವಳು ನನ್ನನ್ನು ಅಜ್ಜಿ ಅನ್ನುವುದಿಲ್ಲ, ಅವರ ಹಾಗೆ ನಾನಮ್ಮ ಅನ್ನುತ್ತಾಳೆ.

"ನಾನಮ್ಮಾ, ಗಾಳಿ ಇವುಗಳ ಸಂದಿನಿಂದಲೇ ಒಳಗೆ ಹೋಗ್ತಾ ಇದೆ. ಹಳೇವೇ ಹಾಕ್ಬಿಟ್ಟೆ. ಇವತ್ತು ಭಾನುವಾರ, ಹೊಸವು ಸಿಗಲ್ಲ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದ್ರೆ ಸರಿಹೋಗ್ತದಂಟ. ನಮ್ಮ ಸ್ಟವ್ ಮೇಲೆ ಆಗ್ತದಾ?"

ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ, ನನಗೇ ಮರೆತುಹೋಗಿತ್ತು. ಅವ್ವನ ಕೈಯ ಕೆಲಸ ಎಲ್ಲೆಲ್ಲೋ ಸುತ್ತಿಕೊಂಡು, ಫೋನಿನೊಳಗಿನ ಕಂಡರಿಯದ ಯಾರದೋ ಬಾಯಿಂದ, ತಿರುಗಿ ನನ್ನ ಒಲೆಯ ಮುಂದೆಯೇ ಬಂದು ನಿಂತಿತ್ತು. ನಾನು ಇಕ್ಕಳ ಹುಡುಕಿದೆ. ಸೊಸೆ ಸುಧಾ ಹಾಲಿನ ಪಾತ್ರೆ ಕೈಯಲ್ಲಿ ಹಿಡಿದು, "ಅತ್ತೆ, ನಿಮ್ಮ ಕಬ್ಬಿಣದಂಗಡಿ ಮುಚ್ಚಿದ ಮೇಲೆ ನಂಗೂ ಸ್ವಲ್ಪ ಒಲೆ ಕೊಡಿ," ಅಂತ ನಿಂತಳು, ಆದರೆ ನೋಡುತ್ತಲೇ ನಿಂತಳು. ಗ್ಯಾಸಿನ ನೀಲಿ ಉರಿಯಲ್ಲಿ ತಾಮ್ರ ಮೊದಲು ಮಂಕಾಯಿತು, ಆಮೇಲೆ ಅದರ ಮೇಲೆ ನವಿಲಿನ ಕತ್ತಿನ ಬಣ್ಣ ಓಡಿತು, ಆಮೇಲೆ ಕೆಂಪು. ಒಂದೊಂದನ್ನೂ ನೀರಿಗೆ ಬಿಟ್ಟೆ. ಆ ಸದ್ದು ಕೇಳಿ ಕಣ್ಣು ತುಂಬಿಕೊಂಡಿತು. ಸುಧಾ ಅದು ಹೊಗೆಗೆ ಅಂದುಕೊಂಡು ಕಿಟಕಿ ತೆಗೆದಳು.

ಆಮೇಲಿನದು ನಿಮಗೆ ಮೊದಲೇ ಹೇಳಿದ್ದೇನೆ. ಇಂಜಿನ್ನು ಓಡುತ್ತಿರುವಾಗಲೇ ಮಂಜು ಪಕ್ಕಕ್ಕೆ ಹೋಗಿ, ಗುಜರಿಯವನಿಗೆ ಫೋನು ಮಾಡಿ, ಬರಬೇಡ ಕಣಪ್ಪ ಅಂದ. ಒಂದು ಸುತ್ತು ಹೋಗೋಣ ಅಂತ ನನ್ನನ್ನೂ ಹತ್ತಿಸಿಕೊಂಡರು. ಗೇಟಿನಾಚೆ ಹೋಗಿ ಬಂದೆವು, ಅಷ್ಟೇ. ನನಗೆ ಅಷ್ಟು ಸಾಕು.

ಸಂಜೆ ಸುಧಾ ಹೋಳಿಗೆ ಮಾಡಿದಳು. ಸಾಮಾನ್ಯವಾಗಿ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತು, ಇವತ್ತು ನಾಲ್ವರೂ ಒಟ್ಟಿಗೆ ಕೂತೆವು. ಚೈತ್ರಾ ಎರಡು ಹೊತ್ತಿನ ಹಸಿವನ್ನು ಒಮ್ಮೆಗೇ ತೀರಿಸುತ್ತಿದ್ದಳು. ನಡುವೆ ತಲೆ ಎತ್ತಿ, "ನಾನಮ್ಮಾ, ನಿಂಗೆ ಅದು ಅಷ್ಟು ಚೆನ್ನಾಗಿ ಹೆಂಗೆ ಬಂತು? ನಿಮ್ಮನೇಲಿ ಯಾರು ಕಾಯಿಸ್ತಿದ್ರು?" ಅಂದಳು.

"ನಮ್ಮವ್ವ."

"ಅವರ ಹೆಸರೇನು?"

ಮಂಜುವಿನ ಕೈ ನಿಂತಿತು. ಅವನಿಗೂ ಗೊತ್ತಿರಲಿಲ್ಲ. ಅವನಿಗೆ ಅವಳು ಬೆಜವಾಡದ ಅಜ್ಜಿ, ಬೀದಿಯವರಿಗೆ ಬೆಲ್ಲದ ಶೆಟ್ಟರ ಹೆಂಡತಿ, ನನಗೆ ಅವ್ವ. ಹೆಸರು ಹಿಡಿದು ಕರೆಯುತ್ತಿದ್ದವರೆಲ್ಲ ಎಂದೋ ಹೋಗಿದ್ದರು.

"ಹಂಪಮ್ಮ," ಅಂದೆ.

ಚೈತ್ರಾ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ "ಹಂಪಮ್ಮ" ಅಂತ ಒಮ್ಮೆ ಹೇಳಿ ನೋಡಿದಳು. ಸುಧಾ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ಎಲ್ಲರೂ ಮತ್ತೆ ಉಣ್ಣತೊಡಗಿದೆವು.