ತವರಿನಲ್ಲಿ ಇಲ್ಲದ ನೋವು

ಶಾರವ್ವನ ಹೊಟ್ಟೆನೋವಿನ ಬಗ್ಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ನೋವು ಮಾತ್ರ ಅವಳೊಬ್ಬಳಿಗೇ ಇತ್ತು. ಹೊಕ್ಕಳಿನ ಬಲಕ್ಕೆ, ತುಸು ಕೆಳಗೆ. ಹೊಕ್ಕಳಿನ ಬಟ್ಟಿ ಜಾಗ ಬಿಟ್ಟು ಸರಿದಿದೆ ಎಂದು ಒಬ್ಬಳು ಎಣ್ಣೆ ಹಚ್ಚಿ ತಿಕ್ಕಿದಳು. ಇನ್ನೊಬ್ಬಳು ಅಜವಾನದ ನೀರು ಕುಡಿಸಿದಳು. ದವಾಖಾನೆಯವರು ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು, ಬಾಯಿಂದ ನಳಿಗೆ ಇಳಿಸಿ ನೋಡಿದರು, ಏನೂ ಇಲ್ಲ ಎಂದು ಕಳಿಸಿದರು. ಏನೂ ಇಲ್ಲ ಅನ್ನಿಸಿಕೊಳ್ಳುವುದು ಒಳ್ಳೆಯ ಸುದ್ದಿ ಎನ್ನುವವರಿಗೆ ಮನೆಯಲ್ಲಿ ಅತ್ತೆ ಇರಲಿಕ್ಕಿಲ್ಲ.

ಶಾರವ್ವನ ಅತ್ತೆ ಸುಂದರವ್ವ ಕೆಟ್ಟವಳೇನಲ್ಲ. ಆದರೆ ನಾಲಿಗೆಗೆ ಸಾಣೆ ಹಿಡಿಸಿಕೊಂಡೇ ಹುಟ್ಟಿದವಳು. ಮನೆಯ ಕುಣಿಮಗ್ಗದಲ್ಲಿ, ಗುಂಡಿಗೆ ಕಾಲು ಇಳಿಬಿಟ್ಟು ಆಯುಷ್ಯವೆಲ್ಲ ನೇಯ್ದವಳು. ಮಂಡಿ ಸೋತ ಮೇಲೆ ಆ ಜಾಗಕ್ಕೆ ಸೊಸೆಯನ್ನು ಕೂರಿಸಿದ್ದಳು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ನೇಯುವವಳ ಹೊಟ್ಟೆಯ ಮುಂದೆಯೇ ಇರುತ್ತದೆ. "ದಿಂಡಿಗೆ ಹೊಟ್ಟಿ ಹಚ್ಚಿ ಕುಂಡ್ರಬೇಕವಾ. ಇಲ್ಲಂದ್ರ ಸೀರಿ ಜಾಳಾಗ್ತದ" ಎಂದು ಕಲಿಸಿದ್ದಳು. ಆ ಮನೆಯ ಸೀರೆ ಗಟ್ಟಿ ಎಂದು ಊರೆಲ್ಲ ಹೊಗಳುತ್ತಿತ್ತು. ಶಾರವ್ವ ಹಾಗೆಯೇ ಕೂತಳು.

ಎಡವಟ್ಟಾದದ್ದು ತವರಿನಿಂದ. ಶಾರವ್ವ ಬೇವೂರಿಗೆ ಹೋದರೆ ನೋವು ಮಾಯ. ರೊಟ್ಟಿ ಬಡಿಯುವಳು, ಹೊಲಕ್ಕೆ ಬುತ್ತಿ ಒಯ್ಯುವಳು, ನಗುವಳು. ಇಳಕಲ್ಲಿಗೆ ಬಂದು ವಾರವಾಗುವುದರೊಳಗೆ ಮತ್ತೆ ಹೊಟ್ಟೆ ಹಿಡಿದುಕೊಳ್ಳುವಳು. ಸುಂದರವ್ವನಿಗೆ ಇಷ್ಟು ಸಾಕಾಯಿತು.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ. ಗಂಡನ ಮನ್ಯಾಗ ಅಷ್ಟ ಬರೂ ಬ್ಯಾನಿ ಯಾವ ಊರಾಗೈತಿ?" ಎಂದು ಬಾಗಿಲಲ್ಲಿ ನಿಂತು ಸಾರಿದಳು. ಗಂಡ ದುಂಡೇಶ ಅವ್ವನಿಗೂ ಹೂಂ ಎಂದ, ಹೆಂಡತಿಗೂ ಹೂಂ ಎಂದ. ಅಂಥ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಆಮೇಲೆ ಯಾವುದೋ ನರ್ಸಿಂಗ್ ಹೋಮಿನಲ್ಲಿ, ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತದೆ ಎಂದರಂತೆ. ಶಾರವ್ವ ತಕ್ಷಣ ಒಪ್ಪಿಕೊಂಡಳು. ಪಕ್ಕದ ಮನೆಯವಳು ನಾನು, ತಡೆಯಲಾರದೆ ಕೇಳಿದೆ, "ಹುಚ್ಚಿ, ಅದರಾಗ ಏನ ಕೆಟ್ಟೈತಂತ ತಗಸ್ತಿ?"

"ಏನೂ ಕೆಟ್ಟಿಲ್ಲಂತ್ರಿ, ರೋಹಿಣಿ ಅಕ್ಕಾರ. ಆದ್ರ ಹೊಲಿಗಿ ಬಿದ್ರ ಕಣ್ಣಿಗೆ ಕಾಣ್ತದಲ್ರಿ. ಕಂಡ್ರ ನಂಬ್ತಾರ."

ನನಗೆ ಮೈಯೆಲ್ಲ ಉರಿದುಹೋಯಿತು. ಕೊಯ್ಯಿಸಿಕೊಳ್ಳುವ ಮೊದಲು ಬಾಗಲಕೋಟೆಯ ಸಾಜಿಯಾ ಡಾಕ್ಟರಿಗೆ ಒಮ್ಮೆ ತೋರಿಸೋಣ ಎಂದು ಹಟ ಹಿಡಿದು ಹೊರಡಿಸಿದೆ. ಸೊಸೆಯ ನಾಟಕವನ್ನು ತಾನೇ ಡಾಕ್ಟರ ಮುಂದೆ ಬಿಚ್ಚಿಡುತ್ತೇನೆಂದು ಸುಂದರವ್ವನೂ ಬಸ್ಸು ಹತ್ತಿದಳು.

ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ನೋಡಿ ಬದಿಗಿಟ್ಟು, ಶಾರವ್ವನನ್ನು ಮಂಚದ ಮೇಲೆ ಅಂಗಾತ ಮಲಗಿಸಿದರು. "ಎಲ್ಲಿ ನೋಯ್ತದ, ಒಂದ ಬೆರಳ್ಲೆ ತೋರ್ಸು" ಎಂದರು. ಶಾರವ್ವ ತೋರಿಸಿದಲ್ಲಿ ತಮ್ಮ ಬೆರಳು ಒತ್ತಿ ಹಿಡಿದರು. "ಈಗ ಕೈ ಊರಬ್ಯಾಡ. ತಲಿ ಅಷ್ಟ ಮ್ಯಾಲೆತ್ತು."

ಶಾರವ್ವ ತಲೆ ಎತ್ತಿದ್ದೇ ತಡ, ಯವ್ವಾ ಎಂದು ಚೀರಿದಳು.

"ತಲಿ ಎತ್ತಿದ್ರ ಹೊಟ್ಟಿ ಬಿಗೀತದ. ಒಳಗಿನ ನೋವಾಗಿದ್ರ ಈಗ ಕಡಿಮಿ ಆಗಬೇಕಿತ್ತು, ಇದು ಜಾಸ್ತಿ ಆತು. ಇದು ಹೊಟ್ಟಿ ಮ್ಯಾಲಿನ ಪದರದ್ದು. ಅಲ್ಲೊಂದು ಸಣ್ಣ ನರ ಸಿಕ್ಕೊಂಡೈತಿ, ಸ್ಕ್ಯಾನಿಂಗಿನ್ಯಾಗ ಕಾಣೂದಿಲ್ಲ. ಏನ್ ಕೆಲಸ ಮಾಡ್ತಿ?"

ಉತ್ತರ ಕೊಟ್ಟವಳು ಸುಂದರವ್ವ, ಅದೂ ಎದೆ ಸೆಟೆಸಿ. "ನೇಯ್ತಾಳ್ರಿ. ನಾನ ಕಲಿಸೇನಿ. ದಿಂಡಿಗೆ ಹೊಟ್ಟಿ ಹಚ್ಚಿ..."

"ತವರ ಮನ್ಯಾಗ ಮಗ್ಗ ಐತೇನು?" ಡಾಕ್ಟರು ಕೇಳಿದರು.

"ಇಲ್ರಿ" ಎಂದಳು ಶಾರವ್ವ.

ಡಾಕ್ಟರು ಆ ಜಾಗಕ್ಕೇ ಮರಗಟ್ಟಿಸುವ ಸೂಜಿ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳೊತ್ತಿ ತಲೆ ಎತ್ತಿಸಿದರು. ಶಾರವ್ವ ಎತ್ತಿದಳು, ಇಳಿಸಿದಳು, ಮತ್ತೊಮ್ಮೆ ತಾನಾಗಿ ಎತ್ತಿ ನೋಡಿದಳು. ನೋವಿರಲಿಲ್ಲ. ಇನ್ನೂ ಕೆಲವು ಸಲ ಸೂಜಿ ಬೇಕಾದೀತು, ಹೊಟ್ಟೆ ಒತ್ತದ ಹಾಗೆ ಕೂರುವುದನ್ನು ರೂಢಿಸಿಕೊಳ್ಳಬೇಕು ಎಂದರು ಡಾಕ್ಟರು. "ಗರ್ಭಕೋಶಕ್ಕ ಯಾರೂ ಕೈ ಹಚ್ಚೂದು ಬ್ಯಾಡ."

ಶಾರವ್ವ ಇಳಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಸುಂದರವ್ವ, ಯಾರನ್ನೂ ಕೇಳದೆ, ಮಂಡಿ ಹಿಡಿದುಕೊಂಡು ಅದೇ ಮಂಚ ಹತ್ತಿ ಅಂಗಾತ ಮಲಗಿದಳು.

"ನಂದೂ ಒಂದೀಟು ನೋಡ್ರಿ, ಡಾಕ್ಟರ್ ಬಾಯಾರ."

ಹೊಕ್ಕಳಿನ ಬಲಕ್ಕೆ, ತುಸು ಕೆಳಗೆ ಬೆರಳಿಟ್ಟು ತೋರಿಸಿದಳು. ಡಾಕ್ಟರು ಒತ್ತಿದರು. ಮುದುಕಿ ತಲೆ ಎತ್ತಿದಳು. ಚೀರಲಿಲ್ಲ, ಹಲ್ಲು ಕಚ್ಚಿದಳು.

"ಇದು ಎಂದಿನಿಂದ್ರಿ?"

"ದುಂಡೇಶ ತೊಟ್ಟಿಲದಾಗಿದ್ದ್ರಿ ಆವಾಗ."

"ಇಷ್ಟ ವರ್ಷ ಯಾರ ಮುಂದೂ ಹೇಳಲಿಲ್ಲೇನು?"

"ನಮ್ಮತ್ತಿ ಮುಂದ ಹೇಳಿದ್ದೆರಿ" ಎಂದಳು ಸುಂದರವ್ವ. "ಆಮ್ಯಾಲೆ ಯಾರ ಮುಂದೂ ಹೇಳಲಿಲ್ಲ."

ಶಾರವ್ವ ಹತ್ತಿರ ಹೋಗಿ ಅತ್ತೆಯ ಕಣ್ಣನ್ನು ಸೆರಗಿನಿಂದ ಒರೆಸಿ, ಡಾಕ್ಟರು ಅವಳಿಗೂ ಸೂಜಿ ಚುಚ್ಚುವಾಗ ಕೈ ಹಿಡಿದುಕೊಂಡು ನಿಂತಳು.