ಬಾಟಲಿಯ ತಳದ ಬಿಳಿ ಪುಡಿ

ಈಗ ಸಂಜೆ ಏಳು ಗಂಟೆ. ಇವತ್ತು ಮೂಡಲಗಿಗೆ ಹೋಗಿಬಂದದ್ದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಗೆಳೆಯರೆ.

ಔಷಧಿ ಅಂಗಡಿಯಲ್ಲಿ ತುಕ್ಕಾನಟ್ಟಿಯ ಕಾಕಾ ಒಬ್ಬರು ಇನ್ಸುಲಿನ್ ಬಾಟಲಿ ಹಿಡಿದು ಜಗಳಕ್ಕೆ ನಿಂತಿದ್ದರು. "ತಳದಾಗ ಸುಣ್ಣ ಕುಂತೈತಿ. ಎಂಟು ದಿನ ಮ್ಯಾಲಿನ ತಿಳಿ ನೀರಷ್ಟ ತಗದು ನಮ್ಮ ಮನಿಯವ್ರಿಗೆ ಚುಚ್ಚೇನಿ. ಸಕ್ಕರಿ ಒಂದೀಟೂ ಇಳಿದಿಲ್ಲ."

"ಅದು ಇರೂದ ಹಂಗ್ರಿ, ಕಾಕಾ," ಎಂದ ಅಂಗಡಿಯವ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

"ಹಂಗಂದ್ರ ಹೆಂಗ? ಇದನ್ನ ಗಟಾರಕ್ಕ ಚೆಲ್ಲತೇನಿ. ನಾಳಿಂದ ಸೂಜಿ ಬಂದ್."

ಸೂಜಿ ನಿಂತರೆ ಅವರ ಹೆಂಡತಿಯ ಜೀವಕ್ಕೇ ಕುತ್ತು. ಇದೇ ಔಷಧವನ್ನು ನನ್ನವಳಿಗೆ ಒಂಬತ್ತು ವರ್ಷ ನಾನೇ ಚುಚ್ಚಿದ್ದೆ. ಅವಳು ಹೋಗಿ ಐದು ತಿಂಗಳಾಯಿತು. ಕೈ ಇನ್ನೂ ಮರೆತಿಲ್ಲ.

"ಆ ಸುಣ್ಣಾನ ಔಷಧರಿ, ಕಾಕಾ," ಎಂದೆ. "ಅದರಾಗ ಎರಡು ನಮೂನಿ ಐತಿ. ಹರಳಾಗದ ಪುಡಿ ಲಗೂ ಕರಗತೈತಿ, ಹರಳು ಸಾವಕಾಶ ಕರಗಿ ದಿನಾಪೂರ್ತಿ ನಡಸತೈತಿ. ಎರಡೂ ಒಂದ ಔಷಧ. ಅಂಗೈಯಾಗ ಬತ್ತಿ ಹೊಸೆದಂಗ ಬಾಟಲಿ ಉರುಳಿಸಿ, ಹಾಲಿನಂಗ ಆದಮ್ಯಾಲ ತಗೀಬೇಕು."

"ಅಂದ್ರ ನಾ ಬರೇ ನೀರು ಚುಚ್ಚೇನಿ?"

"ಹೂನ್ರಿ. ಈಗ ತಳದಾಗ ಉಳಿದದ್ದು ಭಾಳ ಜೋರ ಆಗಿರತೈತಿ. ಅದನ್ನ ಚುಚ್ಚಬ್ಯಾಡ್ರಿ, ಹೊಸಾದು ತಗೋರಿ."

"ಹಂಗಾರ ಚೆಲ್ಲತೇನಿ ಅಂದದ್ದು ಖರೆನ ಆತಲ್ಲ," ಎಂದು ಕಾಕಾ ಅಂಗಡಿಯವನನ್ನು ನೋಡಿದರು.

ಕಾರಣ ತಪ್ಪು, ತೀರ್ಪು ಸರಿ. ಅಂತೂ ಜಗಳ ಗೆದ್ದವರು ಅವರೇ.

ಹೊಸ ಬಾಟಲಿ ಕೊಂಡ ಕಾಕಾ ನಾಳೆ ಬೆಳಿಗ್ಗೆ ಹೆಂಡತಿಯನ್ನು ಗೋಕಾಕಿನ ಡಾಕ್ಟರಿಗೆ ತೋರಿಸುತ್ತಾರೆ. ಮೊದಲು ರಕ್ತ ಪರೀಕ್ಷೆ, ಆಮೇಲೆ ಸೂಜಿ.